ಚುರ್ರೋ ದಡ ಹತ್ತಿದ ದಿನ

"ತಾತ, ತಡಿ. ಚುರ್ರೋನ ನೀರಿಗೆ ಬಿಡ್ಬೇಡ." ನಯೆಲಿ ದಡಬಡಿಸಿ ಎದ್ದಳು. ದೋಣಿ ಒಂದು ಕಡೆಗೆ ವಾಲಿತು.

ಎಲಿಸಿಯೋ ತಾತ ಬಕೆಟ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಸೋಚಿಮಿಲ್ಕೋ ಊರಿನ ಕಾಲುವೆಗಳಲ್ಲಿ ಅಹೊಲೊಟೆ ಎಂಬ ಹಲ್ಲಿಯಾಕಾರದ ನೀರುಜೀವಿಗಳು ಬೆರಳೆಣಿಕೆಯಷ್ಟೇ ಉಳಿದಿದ್ದವು. ಅದಕ್ಕೇ ತಾತ ತೋಟದ ಪಕ್ಕದ ಕಾಲುವೆಗೆ ದೊಡ್ಡ ಮೀನುಗಳು ನುಗ್ಗದಂತೆ ಬಲೆ ಕಟ್ಟಿ, ಮನೆಯ ತೊಟ್ಟಿಯಲ್ಲಿ ಬೆಳೆಸಿದವನ್ನು ಅಲ್ಲಿ ಬಿಡುತ್ತಿದ್ದರು. ಇವತ್ತು ನಯೆಲಿ ಮೊಟ್ಟೆಯಿಂದ ಸಾಕಿದ ಚುರ್ರೋನ ಸರದಿ.

ಯಾಕೆ ಬೇಡ ಎಂದು ಜೊತೆಗೆ ಬಂದಿದ್ದ ಪ್ರಾಣಿಗಳ ಡಾಕ್ಟರ್ ರೆಮೆದಿಯೋಸ್ ಕೇಳಿದರು. ನಯೆಲಿ ಬಕೆಟ್ಟಿನ ಕಡೆ ನೋಡಿದಳು. ನಿಜ ಹೇಳಿದರೆ ತಾತ ಇನ್ನೆಂದೂ ತೊಟ್ಟಿ ಮುಟ್ಟಲು ಬಿಡುವುದಿಲ್ಲ. ಹೇಳದಿದ್ದರೆ ಚುರ್ರೋ ಗತಿ?

"ಅದರ ಕಿವಿರು ಉದುರ್ತಿದೆ. ಪುಕ್ಕದ ಥರ ಆರು ಕಿವಿರು ಇದ್ವು. ಈಗ ಬರೀ ಮೊಳಕೆ. ನಾನೇ ಹನಿ ಹಾಕ್ದೆ."

ಕಾಲುವೆ ನೀರು ಕೊಳಕು ಎಂದು ಅಮ್ಮ ತೋಟದ ಲೆಟಿಸ್ ಎಲೆಗಳನ್ನು ಅಯೋಡಿನ್ ಹನಿ ಹಾಕಿದ ನೀರಿನಲ್ಲಿ ನೆನೆಸುತ್ತಿದ್ದಳು. ಚುರ್ರೋಗೂ ಕ್ಲೀನ್ ನೀರು ಇರಲಿ ಎಂದು ನಯೆಲಿ ಒಂದು ತಿಂಗಳಿಂದ ಅದೇ ಹನಿಯನ್ನು ತೊಟ್ಟಿಗೂ ಹಾಕುತ್ತಿದ್ದಳು. ಕಿವಿರು ಕುಗ್ಗತೊಡಗಿದಾಗ ಹೆದರಿ, ಯಾರಿಗೂ ಕಾಣದಂತೆ ತೊಟ್ಟಿಗೆ ಬಟ್ಟೆ ಮುಚ್ಚಿದ್ದಳು. ಇವತ್ತು ಅದನ್ನು ಬಕೆಟ್ಟಿಗೆ ಹಾಕಿದ್ದೂ ಅವಳೇ.

ಡಾಕ್ಟರ್ ಬಕೆಟ್ಟಿನೊಳಗೆ ಇಣುಕಿದರು. ಅವರ ಕಣ್ಣು ಅರಳಿತು.

"ಇದು ಕಾಯಿಲೆ ಅಲ್ಲ ಕಣೇ. ಇದು ದೊಡ್ಡದಾಗ್ತಿದೆ."

ಅಹೊಲೊಟೆ ಸಾಯುವವರೆಗೂ ಮರಿಯ ಹಾಗೆಯೇ ನೀರಿನಲ್ಲಿ ಇದ್ದುಬಿಡುತ್ತದೆ ಎಂದು ಅವರು ವಿವರಿಸಿದರು. 'ಬೆಳೆ' ಎಂದು ಮೈಗೆಲ್ಲ ಹೇಳುವ ಹಾರ್ಮೋನು ಕತ್ತಿನ ಥೈರಾಯ್ಡ್ ಗ್ರಂಥಿಯಿಂದ ಬರಬೇಕು. ಅಹೊಲೊಟೆಯಲ್ಲಿ ಅದು ಸಾಕಷ್ಟು ಬರುವುದೇ ಇಲ್ಲ. ಅಯೋಡಿನ್ ಸಿಕ್ಕಿ ಚುರ್ರೋನ ಗ್ರಂಥಿ ಎಚ್ಚೆತ್ತಿದೆ. ಇನ್ನು ಅದು ಕಿವಿರು ಬಿಟ್ಟು ಗಾಳಿಯಲ್ಲಿ ಉಸಿರಾಡುವ ನೆಲದ ಪ್ರಾಣಿ. ಕಾಲುವೆಗೆ ಬಿಟ್ಟಿದ್ದರೆ ಮುಳುಗಿಹೋಗುತ್ತಿತ್ತು.

ತಾತ ದೋಣಿಯನ್ನು ದಡಕ್ಕೆ ತಂದು ಚುರ್ರೋನನ್ನು ಕೆಸರಿನ ಮೇಲಿಟ್ಟರು. ಮೂವರೂ ಬಾಗಿ ನೋಡಿದರು. ಚುರ್ರೋ ತಲೆ ಎತ್ತಿತು. ಮುಂಗಾಲು ಊರಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ.

"ತಾತ, ಕಣ್ಣು ಮಿಟುಕಿಸ್ತು ನೋಡು. ಇಷ್ಟು ದಿನ ಅದಕ್ಕೆ ರೆಪ್ಪೇನೇ ಇರ್ಲಿಲ್ಲ." ನಯೆಲಿಗೆ ಕುಣಿಯುವಷ್ಟು ಖುಷಿಯಾಯಿತು.

"ನಿಂಗೆ ಬೈಬೇಕು ಅಂತಿದ್ದೆ," ಎಂದರು ತಾತ, ಚುರ್ರೋ ಮೇಲಿಟ್ಟ ಕಣ್ಣು ಕೀಳದೆ. "ಇರ್ಲಿ, ಆಮೇಲೆ ಬೈತೀನಿ."

"ಹನಿ ನಿಲ್ಸಿದ್ರೆ ಮತ್ತೆ ಮೊದಲಿನ ಥರ ಆಗುತ್ತಾ?"

ಡಾಕ್ಟರ್ ಇಲ್ಲವೆಂದು ತಲೆಯಾಡಿಸಿದರು.

ನಯೆಲಿ ಬಕೆಟ್ಟಿನ ನೀರನ್ನೆಲ್ಲ ಚೆಲ್ಲಿ, ಅದರೊಳಗೆ ಚುರ್ರೋಗೆಂದು ಒದ್ದೆ ಪಾಚಿಯನ್ನು ಮೆತ್ತಗೆ ಹಾಸತೊಡಗಿದಳು.