ಅಪ್ಪನ ಎಡ ಅಂಗೈ

"ಮೊದಲ ಕೈ ಬಿಡ್ರಿ!"

ನೀಲಾಂಬಿಕಾ ಬೆಚ್ಚಿ ತಿರುಗಿದಳು. ಹಾನಗಲ್ಲಿನ ಆಸ್ಪತ್ರೆಯಲ್ಲಿ ಅಪ್ಪ ಫಕ್ಕೀರಪ್ಪನ ಲಿಂಗಪೂಜೆ ನಡೆದಿತ್ತು. ಲಕ್ವ ಹೊಡೆದ ಅವನ ಎಡಗೈಯನ್ನು ಅವಳೇ ಎತ್ತಿ ಹಿಡಿದು, ಅಂಗೈ ಮೇಲೆ ಇಷ್ಟಲಿಂಗ ಇಟ್ಟಿದ್ದಳು. ಎದುರಿಗೆ ನಿಂತವನು ಹೊಸ ಫಿಸಿಯೋಥೆರಪಿಸ್ಟ್ ಚನ್ನೇಶ.

"ಪೂಜಿ ನಡದೈತಿ, ಕಾಣ್ಸೂದಿಲ್ಲೇನ್ರಿ?"

"ಕಾಣ್ಸತೈತ್ರಿ. ನೀವು ಹಿಂಗ ಹಿಡಕೊಂತ ಹೋದ್ರ ಕಾಕಾರ ಕೈ ಯಾವಾಗ ದುಡಿಯೂದು?"

ಅಬ್ಬಾ, ಸೊಕ್ಕೇ! ಮೂರು ವಾರದಿಂದ ತಿಳವಳ್ಳಿಯಿಂದ ಬಸ್ಸಿನಲ್ಲಿ ಓಡಾಡಿ, ಅಪ್ಪನಿಗೆ ತುತ್ತು ಮಾಡಿ ಉಣಿಸಿದವಳು ಅವಳು. ಇವತ್ತು ಬಂದವನಿಂದ ಪಾಠ ಬೇರೆ!

ಆದರೂ ಅವನು ಅಪ್ಪನನ್ನು ನಡೆಸುವಾಗ ಅವಳ ಕಣ್ಣು ಅತ್ತಲೇ. ಒಂದು ಹೆಜ್ಜೆಗೆ ಎಷ್ಟು ಹೊತ್ತು ಕಾದರೂ ಅವನ ಮುಖ ಗಂಟಾಗುತ್ತಿರಲಿಲ್ಲ. 'ಇಷ್ಟು ತಾಳ್ಮೆ ಎಲ್ಲಿಂದ ಬಂತು ಇವನಿಗೆ...?'

ಒಂದು ದಿನ ಅಪ್ಪ ಸ್ಕ್ಯಾನಿಂಗಿಗೆ ಹೋಗಿದ್ದಾಗ, ನೀಲಾಳ ಜೊತೆ ಊರಿಂದ ಬಂದಿದ್ದ ಅವ್ವ ಸರೋಜವ್ವ ಮಂಚದ ಕೆಳಗೆ ಕಸ ಗುಡಿಸಿದಳು. ಉರುಳಿ ಬಂದವು ಮೂರು ಲಿಂಬೆಹಣ್ಣು!

"ಯವ್ವಾ! ಯಾರೋ ಮಾಟ ಮಾಡ್ಯಾರ! ಅದಕ್ಕ ನಿಮ್ಮಪ್ಪನ ಕೈ ಏಳವಲ್ದು!"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಎಲ್ಲ ವಾರ್ಡಿನಲ್ಲೂ ಇರುತ್ತಾರೆ. ಪಕ್ಕದ ಪೇಷಂಟಿನ ಹೆಂಡತಿ ಶಿವಬಸವ್ವ ಪಿಸುಗುಟ್ಟಿದಳು, "ಆ ಚನ್ನೇಶನೇ ತರ್ತಾನವ್ವಾ. ನಸುಕಿನ್ಯಾಗ ಬರ್ತಾನ, ನಾನ ನೋಡೇನಿ."

ಅಪ್ಪ ಮರಳುವ ಮೊದಲೇ ನೀಲಾ ಎಲ್ಲರೆದುರು ಅವನನ್ನು ತಡೆದಳು. "ಲಿಂಬಿಹಣ್ಣು ಯಾಕ ಇಟ್ರಿ?"

ಅವನ ಮುಖ ಬಾಡಿತು. "ಹೇಳಂಗಿಲ್ರಿ. ಮಾತು ಕೊಟ್ಟೇನಿ."

"ಹಂಗಾರ ನಮ್ಮಪ್ಪನ ಹತ್ರ ಬರಬ್ಯಾಡ್ರಿ!"

"ಆತ್ರಿ" ಎಂದವನೇ ಹೊರಟುಹೋದ. ಗೆದ್ದವಳು ಅವಳೇ, ಆದರೆ ಊಟ ಮಾತ್ರ ಸೇರಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಬಂದಳು. ಅಪ್ಪ ಮಂಚದ ತುದಿಗೆ ಒಬ್ಬನೇ ಕುಳಿತಿದ್ದ. ನಡುಗುವ ಎಡ ಅಂಗೈ ಮೇಲೆ ಲಿಂಬೆಹಣ್ಣು! ಅದು ಉರುಳಿ ಬಿತ್ತು. ಅಪ್ಪ ಅಳುತ್ತಿದ್ದ.

"ಅಪ್ಪಾ! ಏನಿದು?"

"ಲಿಂಗ ಕೈಜಾರಿ ಬಿದ್ರ ನಾ ಇದ್ದೂ ಏನುಪಯೋಗ, ನೀಲವ್ವಾ? ಅದಕ್ಕ ಚನ್ನೇಶ ಮೊದಲ ಲಿಂಬಿಹಣ್ಣು ಹಿಡಿಸಿ ರೂಢಿ ಮಾಡಸಾಕತ್ತಿದ್ದ. ನಾ ಬೀಳಿಸೂದು ನೀವು ನೋಡಬಾರದಂತ ನಾನ ಆಣೆ ಹಾಕಿಸಿದ್ದೆ. ಡ್ಯೂಟಿಗಿಂತ ಎರಡು ತಾಸು ಮೊದಲ, ಚಿಕ್ಕೇರೂರಿನಿಂದ ಗಾಡಿ ಹೊಡಕೊಂಡು ಬರ್ತಿದ್ದ ಪಾಪ... ಇವತ್ತ್ಯಾಕ ಬರಲಿಲ್ಲ?"

ನೀಲಾಳ ಎದೆ ಒಡೆಯಿತು. 'ದೇವರಂಥವನನ್ನು ಮಾಟಗಾರ ಅಂದೆನಲ್ಲ!' ಅವನು ಡ್ಯೂಟಿಗೆ ಬರುವವರೆಗೂ ಗೇಟಿನಲ್ಲೇ ನಿಂತಳು.

"ತಪ್ಪಾತ್ರಿ... ಅಪ್ಪ ಕಾಯಾಕತ್ತಾರ, ಬರ್ರಿ."

ಒಂದೂ ಕೊಂಕು ಆಡದೆ ಅವನು ನೇರ ವಾರ್ಡಿಗೆ ನಡೆದ.

ಅದಾದ ಒಂಬತ್ತನೆಯ ದಿನ ಅಪ್ಪ ವಿಭೂತಿ ಹಚ್ಚಿಕೊಂಡು, "ಯಾರೂ ಮುಟ್ಟಬ್ಯಾಡ್ರಿ" ಎಂದ. ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡ. ಕೈ ನಡುಗಿತು. ಕೆಳಗೆ ಮೊಣಕಾಲೂರಿದ್ದ ಚನ್ನೇಶ ಎರಡೂ ಕೈ ಬೊಗಸೆ ಮಾಡಿ ಒಡ್ಡಿದ, ಆದರೆ ತಾಗಿಸಲಿಲ್ಲ. ನೀಲಾ ಧಾವಿಸಿ ಹಿಡಿಯಬೇಕೆನ್ನುವ ತನ್ನ ಕೈಗಳನ್ನು ಸೆರಗಿನಲ್ಲಿ ಬಿಗಿದುಕೊಂಡಳು. ಬೀಳಲಿಲ್ಲ! ಪೂಜೆ ಮುಗಿಯುವವರೆಗೂ ಅಪ್ಪನ ಕೈ ನಿಂತಿತು. ಸರೋಜವ್ವ ಬಿಕ್ಕಿಬಿಕ್ಕಿ ಅತ್ತಳು.

ಹೊರಗೆ ವರಾಂಡದಲ್ಲಿ ಚನ್ನೇಶ ಮೆಲ್ಲಗೆ ಅಂದ, "ನಾಳೆ ಡಿಸ್ಚಾರ್ಜ್‌ರಿ. ಕೈಗೆ ಇನ್ನೂ ಆರು ತಿಂಗಳು ವ್ಯಾಯಾಮ ಬೇಕು. ಮನೀಗೆ ಬರ್ತೇನಿ."

"ಆರು ತಿಂಗಳು ಆದಮ್ಯಾಲೆ?"

ಅವನು ತಡವರಿಸಿದ. "ನೀವು ಹೂಂ ಅಂದ್ರ... ಅವ್ವನ್ನ ಕರಕೊಂಡು ಬರ್ತೇನಿ. ನಿಮ್ಮನ್ನ ಕೇಳಾಕ."

ಅವಳ ಕೆನ್ನೆ ಕೆಂಪೇರಿತು. "ಹೂಂ... ಆದ್ರ ನಿಶ್ಚಯದ ಎಲಿ-ಅಡಿಕಿ ತಾಟು ನಮ್ಮಪ್ಪ ಎರಡೂ ಕೈಲೇ ಎತ್ತಿ ಕೊಡಬೇಕು. ಅಲ್ಲೀತನಕ ಇಲ್ರಿ."

"ಎರಡೂ ಕೈಲೇ?"

"ಎರಡೂ ಕೈಲೇ."

"ಹಂಗಾರ ಆರು ತಿಂಗಳು ಯಾಕ್ರಿ," ಚನ್ನೇಶ ಅಂಗಿಯ ತೋಳು ಮಡಚುತ್ತಾ ವಾರ್ಡಿನತ್ತ ತಿರುಗಿದ, "ಮೂರರಾಗ ಎತ್ತಿಸ್ತೇನಿ!"