ಗಿರಣಿ ತಂಡದ ಹದಿನೈದು ಕಾರ್ಡುಗಳು

ಫೈನಲ್ ಪಂದ್ಯದ ದಿನ ಬೆಳಿಗ್ಗೆ ಕ್ರಿಕೆಟ್ ಲೀಗ್ ಕಚೇರಿಯ ಬೀರುವಿನಿಂದ ಗಿರಣಿ ತಂಡದ ಆಟಗಾರರ ಕಾರ್ಡುಗಳ ಕಟ್ಟು ಮಾಯವಾಗಿತ್ತು. ಬೀಗ ಮುರಿದಿರಲಿಲ್ಲ, ಕಿಟಕಿಯ ಸರಳು ಬಗ್ಗಿರಲಿಲ್ಲ. ಬೀರುವಿಗೆ ಇದ್ದದ್ದು ಎರಡೇ ಕೀಲಿ. ಒಂದು ಲೀಗಿನ ಕಾರ್ಯದರ್ಶಿಯ ಜೇಬಿನಲ್ಲಿ, ಇನ್ನೊಂದು ಸ್ಕೋರರ್ ಅಕ್ಕನ ಚೀಲದಲ್ಲಿ.

ಅಕ್ಕ ಎಂದರೆ ಲೀಗಿಗೆಲ್ಲ ಅಕ್ಕ. ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಅದಕ್ಕೆ ಕಾರಣ ಅವಳ ತಮ್ಮ. ಗಿರಣಿ ತಂಡದ ವೇಗದ ಬೌಲರ್ ಆಗಿದ್ದ ಅವನು ವಿಕೆಟ್ ಬಿದ್ದಾಗಲೆಲ್ಲ ಮೈದಾನದ ನಡುವಿನಿಂದಲೇ "ಅಕ್ಕಾ, ಬರ್ಕೊಂಡ್ಯಾ?" ಎಂದು ಕೂಗುತ್ತಿದ್ದ. ಕೇಳಿ ಕೇಳಿ ಎಲ್ಲರ ಬಾಯಲ್ಲೂ ಅದೇ ನಿಂತಿತು. ಎರಡು ತಿಂಗಳ ಹಿಂದೆ ಅಭ್ಯಾಸ ಮುಗಿಸಿ ಬೈಕಿನಲ್ಲಿ ಬರುತ್ತಿದ್ದವನಿಗೆ ಲಾರಿ ಬಡಿಯಿತು. ಅಕ್ಕ ಅಳಲಿಲ್ಲ. ಹೊಲಿಗೆ ಅಂಗಡಿಗೆ ಹೋದಳು, ಬಟ್ಟೆ ಕತ್ತರಿಸಿದಳು, ರಜಾದಿನ ಬಂದರೆ ಸ್ಕೋರ್ ಬರೆದಳು. ಏನು ಉಂಡೆ ಎಂದು ಕೈ ತೊಳೆದ ಮೇಲೆ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಮನೆಗೆ ಬಂದವರು 'ಹೋಗಿಬಿಟ್ಟ', 'ಬಿಟ್ಟುಹೋದ' ಎನ್ನುತ್ತಿದ್ದರೇ ಹೊರತು ಸತ್ತ ಎಂಬ ಮಾತನ್ನು ಯಾರೂ ಆಡಿರಲಿಲ್ಲ. ಅವಳೂ ಆಡಿರಲಿಲ್ಲ.

ಲೀಗಿನಲ್ಲಿ ಏನು ಕಳೆದರೂ ಮೊದಲ ಫೋನು ಹೋಗುತ್ತಿದ್ದದ್ದು ಅಂಪೈರ್ ಮಾವನಿಗೆ. ಆಯುಷ್ಯವೆಲ್ಲ ಗಡಿಯಾರ ರಿಪೇರಿ ಮಾಡಿದ ಅವರು ಅಕ್ಕನಿಗೆ ಸೋದರಮಾವ. ಪಿಚ್ಚಿಗೆ ಕದ್ದು ನೀರು ಬಿಟ್ಟವರನ್ನೂ ಹೊಸ ಚೆಂಡನ್ನು ಅದಲುಬದಲು ಮಾಡಿದವರನ್ನೂ ಹಿಡಿದುಕೊಟ್ಟವರು ಅವರೇ, ಪ್ರತಿ ಸಲವೂ ಜೊತೆಗಿದ್ದವಳು ಅಕ್ಕ. ಮೈದಾನದಲ್ಲಿ ಅಂಪೈರ್ ಸನ್ನೆ ಮಾಡಿದರೆ ಸ್ಕೋರರ್ ಕೈ ಎತ್ತಿ ಒಪ್ಪಿಕೊಳ್ಳಬೇಕು, ಅಲ್ಲಿಯವರೆಗೆ ಮುಂದಿನ ಚೆಂಡು ಹಾಕುವಂತಿಲ್ಲ. ಮಾವ ಸೊಸೆಯರ ನಡುವೆ ಮಾತಿಗಿಂತ ಈ ಕೈಸನ್ನೆಯೇ ಹೆಚ್ಚು ನಡೆದಿತ್ತು.

ಅವರಿಬ್ಬರೂ ಕಚೇರಿಗೆ ಬಂದಾಗ ಕಾರ್ಯದರ್ಶಿ ಬಾಗಿಲಲ್ಲೇ ನಿಂತಿದ್ದ. ಕಸುಬಿನಿಂದ ಔಷಧಿ ಅಂಗಡಿಯವನು, ಅಡ್ಡಹೆಸರು ಕಾಯಿದೆಯಣ್ಣ. ಊಟಕ್ಕೆ ತಡವಾದರೆ ಹೆಂಡತಿಗೆ ಅರ್ಜಿ ಬರೆದುಕೊಡುತ್ತಾನೆ ಎಂದು ಆಟಗಾರರು ನಗುತ್ತಿದ್ದರು. ಲೀಗಿನ ನಿಯಮಗಳೆಲ್ಲ ಅವನವೇ. ತಂಡಕ್ಕೆ ಹದಿನೈದೇ ಆಟಗಾರರು, ಒಬ್ಬೊಬ್ಬರಿಗೂ ಒಂದು ಕಾರ್ಡು, ಎಡಕ್ಕೆ ಭಾವಚಿತ್ರ, ಬಲಕ್ಕೆ ಹೆಸರು. ಟಾಸ್‌ಗೆ ಮೊದಲು ನಾಯಕ ಹನ್ನೊಂದು ಕಾರ್ಡು ಮೇಜಿನ ಮೇಲಿಡಬೇಕು. ಕಾರ್ಡಿಲ್ಲದವನಿಗೆ ಆಟವಿಲ್ಲ. ಹೊಸಬನನ್ನು ಸೇರಿಸಬೇಕಾದರೆ ಹಳಬನ ಕಾರ್ಡನ್ನು ನಡುವೆ ಕತ್ತರಿಸಬೇಕು, ಮುಖ ಒಂದು ಕಡೆ, ಹೆಸರು ಒಂದು ಕಡೆ. ಹಿಂದೊಮ್ಮೆ ಯಾರೋ ಹಳೆಯ ಕಾರ್ಡಿಗೆ ಬೇರೆ ಚಿತ್ರ ಅಂಟಿಸಿ ಆಡಿದ್ದರಿಂದ ಬಂದ ನಿಯಮ ಅದು. ತಮ್ಮನ ಜಾಗಕ್ಕೆ ಗಿರಣಿ ತಂಡ ಒಬ್ಬ ಹೊಸ ಬೌಲರನ್ನು ಗೊತ್ತುಮಾಡಿತ್ತು. ಅವನ ನೋಂದಣಿ ಆ ಬೆಳಿಗ್ಗೆಯೇ ಆಗಬೇಕಿತ್ತು.

"ಬಂದೆ, ಬೀರು ತೆಗೆದೆ, ಕಟ್ಟು ಇರ್ಲಿಲ್ಲ. ನಿಂತ ಜಾಗದಿಂದಲೇ ಎಲ್ಲರಿಗೂ ಫೋನ್ ಮಾಡಿದೆ. ಏನೂ ಮುಟ್ಟಿಲ್ಲ ಮಾವ," ಎಂದ ಕಾಯಿದೆಯಣ್ಣ. ಹೇಳುವಾಗ ಮಣಿಕಟ್ಟಿನಲ್ಲಿದ್ದ ಕೆಂಪು ರಬ್ಬರ್ ಬ್ಯಾಂಡನ್ನು ಎಳೆದು ಎಳೆದು ಬಿಡುತ್ತಿದ್ದ.

ಮಾವ ಬೀರುವಿನೊಳಗೆ ಇಣುಕಿದರು. ಉಳಿದ ತಂಡಗಳ ಕಟ್ಟುಗಳು ಸಾಲಾಗಿದ್ದವು. ಅಂಚೆ ತಂಡದ್ದಕ್ಕೆ ನೀಲಿ ಬ್ಯಾಂಡು, ರೈಲ್ವೆಯವರದಕ್ಕೆ ಹಸಿರು, ಹೀಗೆ ತಂಡಕ್ಕೊಂದು ಬಣ್ಣ. ನಡುವೆ ಒಂದು ಕಟ್ಟಿನಷ್ಟು ಜಾಗ ಖಾಲಿಯಿತ್ತು. ಬೀರುವಿನ ಕೆಳಗಿನ ಖಾನೆಯಲ್ಲಿ ಬಟ್ಟೆ ಸುತ್ತಿ ಇಡುತ್ತಿದ್ದ ದೊಡ್ಡ ಕತ್ತರಿ ಮೇಜಿನ ಮೇಲಿತ್ತು. ಸುತ್ತಿದ್ದ ಬಟ್ಟೆ ಮಡಿಚಿ ಪಕ್ಕದಲ್ಲಿತ್ತು. ಮಾವ ಅದನ್ನು ನೋಡಿ, ಮುಟ್ಟದೆ ಹೊರಗೆ ಬಂದರು.

ಜಗಲಿಯಲ್ಲಿ ಫೈನಲ್‌ನ ಎದುರಾಳಿ ಅಂಚೆ ತಂಡದ ನಾಯಕ ಕಾಯುತ್ತಿದ್ದ. ಟಾಸ್ ಹೊತ್ತಿಗೆ ಕಾರ್ಡು ಇಲ್ಲದಿದ್ದರೆ ಪಂದ್ಯ ತಮ್ಮದು ಎಂದು ನಿಯಮ ಎತ್ತಿ ಹೇಳಿದ. ಬೀಗ ಒಡೆದಿಲ್ಲ, ಕಾರ್ಯದರ್ಶಿ ತಾನೇ ದೂರು ಕೊಟ್ಟವನು, ಹಾಗಾದರೆ ಉಳಿದ ಕೀಲಿ ಯಾರದು ಎಂದೂ ಕೇಳಿದ. ಕಾರ್ಡು ಕದ್ದವರನ್ನು ಲೀಗಿನಿಂದ ಹೊರಗೆ ಹಾಕುವುದೂ ನಿಯಮವೇ. ಪಕ್ಕದಲ್ಲೇ ಕುಳಿತಿದ್ದ ಗಿರಣಿ ತಂಡದ ನಾಯಕ ತಲೆ ಎತ್ತಲಿಲ್ಲ.

ಅಕ್ಕನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಯಾರೋ ಬೇರೆಯವರ ಬಗ್ಗೆ ಮಾತಾಡುತ್ತಿದ್ದಾರೆ ಅನ್ನಿಸಿತು. ಮಾವ ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ನೀನು ತಗೊಂಡ್ಯೇನಮ್ಮ?" ಎಂದರು.

"ತಗೊಂಡಿರಬಹುದು ಮಾವ."

"ಅಂದ್ರೆ?"

"ನಿನ್ನೆ ಸಂಜೆ ಸ್ಕೋರ್ ಹಾಳೆಗೆ ಅಂತ ಬಂದಿದ್ದೆ. ಬೀರು ತೆಗೆದೆ. ಆಮೇಲೆ ಏನ್ ಮಾಡ್ದೆ, ನೆನಪಿಲ್ಲ. ಫೋನ್ ಬಂದ ಮೇಲೆ ಚೀಲದಲ್ಲಿ ಹುಡುಕ್ದೆ, ಮನೆಯಲ್ಲೂ ಹುಡುಕ್ದೆ. ಸಿಗ್ಲಿಲ್ಲ. ಆದ್ರೂ ನಾನೇ ಇರಬಹುದು."

ತನ್ನ ಮೇಲೆ ತಾನೇ ಅನುಮಾನಪಟ್ಟು ಮನೆ ಶೋಧಿಸಿದವಳನ್ನು ಮಾವ ಅದುವರೆಗೆ ಕಂಡಿರಲಿಲ್ಲ. ಅವರು ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಎಲ್ಲರನ್ನೂ ಕಚೇರಿಯೊಳಗೆ ಕರೆದರು. ಇಬ್ಬರು ನಾಯಕರು, ಕಾಯಿದೆಯಣ್ಣ, ಅಕ್ಕ ಮೇಜಿನ ಸುತ್ತ ಕುಳಿತರು. ಮಾವ ನಿಂತೇ ಇದ್ದರು.

"ಈ ಕಳ್ಳತನದಿಂದ ಲಾಭ ಅಂಚೆ ತಂಡಕ್ಕೆ. ಆದ್ರೆ ಅವರ ಹತ್ರ ಕೀಲಿ ಇಲ್ಲ," ಎಂದು ಶುರುಮಾಡಿದರು. "ಕೀಲಿ ಅಕ್ಕನ ಹತ್ರ ಇದೆ. ಅವಳಿಗೆ ಬೇಕಾಗಿದ್ರೆ ಬೇಕಾಗಿದ್ದು ಒಂದೇ ಕಾರ್ಡು. ಅದಕ್ಕಾಗಿ ಹದಿನೈದೂ ಒಯ್ದು, ತಮ್ಮನ ತಂಡವನ್ನೇ ಯಾಕೆ ಮುಳುಗಿಸ್ತಾಳೆ? ಇನ್ನು ಈ ಕತ್ತರಿ. ಇದರ ಕೆಲಸ ಕಾರ್ಡು ಕತ್ತರಿಸೋದು, ಅಷ್ಟೇ. ಕಟ್ಟು ಇಲ್ಲ ಅಂತ ನೋಡಿ ಫೋನ್ ಹಿಡಿದವನು ಕತ್ತರಿ ತೆಗೆದು, ಬಟ್ಟೆ ಬಿಚ್ಚಿ, ಮಡಿಚಿ ಯಾಕೆ ಇಡ್ತಾನೆ? ಕತ್ತರಿ ಹೊರಗೆ ಬಂದಾಗ ಕಾರ್ಡು ಕಣ್ಣೆದುರಿಗೇ ಇತ್ತು."

ಕತ್ತರಿಯನ್ನು ಅಕ್ಕನೇ ನಿನ್ನೆ ತೆಗೆದಿಟ್ಟಿರಬಹುದಲ್ಲ ಎಂದು ಅಂಚೆ ನಾಯಕ ಗೊಣಗಿದ.

"ಇರಬಹುದು. ಹಾಗಿದ್ರೆ ಗಿರಣಿ ಕಟ್ಟಿನ ಕೆಂಪು ರಬ್ಬರ್ ಬ್ಯಾಂಡು ಎಲ್ಲಿರಬೇಕು? ಕಟ್ಟಿನ ಜೊತೆಗೇ ಹೋಗಿರಬೇಕು, ಅಲ್ವಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಾಯಿದೆಯಣ್ಣನ ಬಲಗೈ ತಾನಾಗಿಯೇ ಎಡಗೈ ಮಣಿಕಟ್ಟನ್ನು ಮುಚ್ಚಿತು. ಅಂಗಡಿಯಲ್ಲಿ ಪೊಟ್ಟಣ ಬಿಚ್ಚಿದೊಡನೆ ಬ್ಯಾಂಡನ್ನು ಮಣಿಕಟ್ಟಿಗೆ ಏರಿಸುವುದು ಅವನ ಎಷ್ಟೋ ವರ್ಷಗಳ ರೂಢಿ. ಬ್ಯಾಂಡು ಏರಿಸಿಕೊಂಡದ್ದು ಅವನ ಕೈಗೆ ಗೊತ್ತಿತ್ತು, ತಲೆಗೆ ಮರೆತಿತ್ತು. ಎಲ್ಲರ ಕಣ್ಣೆದುರಿಗೇ ಇದ್ದದ್ದನ್ನು ಅಕ್ಕನೂ ನೋಡಿದ್ದಳು. ಆದರೆ ಈಚೆಗೆ ಅವಳು ನೋಡಿದ್ದು ಯಾವುದೂ ಒಳಗಿಳಿಯುತ್ತಿರಲಿಲ್ಲ.

ಕಾಯಿದೆಯಣ್ಣ ಕೋಟಿನ ಒಳಜೇಬಿನಿಂದ ಕಾರ್ಡುಗಳನ್ನು ತೆಗೆದು ಮೇಜಿನ ಮೇಲಿಟ್ಟ. ಎಲ್ಲಕ್ಕಿಂತ ಮೇಲೆ ತಮ್ಮನದು. ಚಿತ್ರದಲ್ಲಿ ಬಾಯಿ ಮುಚ್ಚಿರಬೇಕು ಎಂಬುದು ನಿಯಮ. ಈ ಒಂದು ಚಿತ್ರದಲ್ಲಿ ಮಾತ್ರ ಹಲ್ಲೆಲ್ಲ ಕಾಣುತ್ತಿತ್ತು.

"ಫೋಟೋ ತೆಗೆದದ್ದು ನಾನೇ, ನಮ್ಮ ಅಂಗಡಿ ಗೋಡೆಗೆ ನಿಲ್ಲಿಸಿ," ಎಂದ ಅವನು. "ನಗಬೇಡ ಅಂದಷ್ಟೂ ನಗ್ತಿದ್ದ. ಹೋಗ್ಲಿ ಅಂತ ಬಿಟ್ಟೆ. ಇವತ್ತು ಕತ್ತರಿ ಹಿಡಿದೆ, ಕೈ ಆಡ್ಲಿಲ್ಲ. ಕಚೇರಿಯಿಂದಲೇ ಕಾರ್ಡು ಕಳೆದ್ರೆ ತಪ್ಪು ತಂಡದ್ದಲ್ಲ, ಪಂದ್ಯ ಮುಂದಕ್ಕೆ ಹಾಕ್ತಾರೆ, ಅಷ್ಟರಲ್ಲಿ ಋತು ಮುಗಿದು ಎಲ್ಲ ಕಾರ್ಡೂ ತಾವೇ ರದ್ದಾಗ್ತವೆ, ಇದೊಂದನ್ನ ಯಾರೂ ಕತ್ತರಿಸಬೇಕಾಗಲ್ಲ ಅಂದ್ಕೊಂಡೆ. ಮಾತು ಅಕ್ಕನ ಮೇಲೆ ತಿರುಗಿತು. ಬಾಯಿ ಬಿಡೋಕೆ ಧೈರ್ಯ ಆಗ್ಲಿಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೊರಟವನು ಕೊನೆಗೆ ಬೀರುವಿನ ಕೀಲಿಯನ್ನು ಮಾವನ ಮುಂದೆ ಇಟ್ಟ. ತನ್ನ ನಿಯಮದಂತೆ ತಾನೇ ಲೀಗಿನಿಂದ ಹೊರಗೆ ಎಂದ. ಅಂಚೆ ನಾಯಕ ಅಕ್ಕನ ಕಡೆ ನೋಡಲಾರದೆ, ಅದನ್ನೆಲ್ಲ ಪಂದ್ಯ ಮುಗಿದ ಮೇಲೆ ನೋಡೋಣ ಎಂದ. ಗಿರಣಿ ನಾಯಕ ಹೊಸ ಬೌಲರೇ ಬೇಡ, ಇದ್ದವರಲ್ಲೇ ಆಡುತ್ತೇವೆ, ಕಾರ್ಡು ಹಾಗೇ ಇರಲಿ ಎಂದ. ಅಂಚೆ ತಂಡದ ಎದುರು ವೇಗದ ಬೌಲರಿಲ್ಲದೆ ಆಡಿದರೆ ಸೋಲು ಖಂಡಿತ ಎಂಬುದು ಅವನಿಗೂ ಗೊತ್ತಿತ್ತು.

ಅಕ್ಕ ಕತ್ತರಿ ಎತ್ತಿಕೊಂಡಳು.

"ಬೇಡಮ್ಮ," ಎಂದರು ಮಾವ.

"ಅವನು ಸತ್ತಿದ್ದಾನೆ ಮಾವ," ಎಂದಳು ಅಕ್ಕ. "ತಂಡ ಆಡ್ಲಿ."

ಬಟ್ಟೆ ಕತ್ತರಿಸಿ ಪಳಗಿದ ಕೈ, ಗೆರೆ ಎಳೆದಂತೆ ನೇರವಾಗಿ ಹೋಯಿತು. ಹೆಸರಿನ ತುಂಡನ್ನು ಕಾಯಿದೆಯಣ್ಣನ ಕಡೆ ಸರಿಸಿದಳು. ಚಿತ್ರದ ತುಂಡನ್ನು ಕಸಕ್ಕೆ ಹಾಕಬೇಕು ಎಂದಿತ್ತು ನಿಯಮ. ಅದು ಸ್ಕೋರ್ ಪುಸ್ತಕದೊಳಗೆ ಹೋಯಿತು, ಕಾಯಿದೆಯಣ್ಣ ಕಿಟಕಿಯ ಹೊರಗೆ ನೋಡುತ್ತಿದ್ದ.

ಹೊಸ ಬೌಲರನ ಮೊದಲ ಚೆಂಡೇ ವೈಡ್. ಮಾವ ಎರಡೂ ತೋಳು ಚಾಚಿ ಸ್ಕೋರರ್ ಮೇಜಿನತ್ತ ತಿರುಗಿದರು. ಅಕ್ಕನಿಗೆ ಕಾಗದ ಕಾಣುತ್ತಿರಲಿಲ್ಲ. ಎರಡು ತಿಂಗಳಿಂದ ಬಾರದ ಅಳು ಈಗ ಬಂದಿತ್ತು, ಭುಜ ಕುಲುಕುತ್ತಿತ್ತು. ಬೌಲರ್ ಚೆಂಡು ಹಿಡಿದು ಕಾದ. ಬ್ಯಾಟ್ಸ್‌ಮನ್ ಬ್ಯಾಟಿಗೆ ಒರಗಿ ಕಾದ. ಮಾವ ಚಾಚಿದ ತೋಳುಗಳನ್ನು ಇಳಿಸಲಿಲ್ಲ.

ಅಕ್ಕ ತೋಳಿನಿಂದ ಮುಖ ಒರೆಸಿಕೊಂಡು, ಒಂದು ರನ್ ಬರೆದು, ಕೈ ಎತ್ತಿದಳು.

"ಬರ್ಕೊಂಡೆ ಕಣೋ," ಎಂದಳು.