ಯಾವ ನಾವು?

“ನಾವು ಮುಂಜಾನೆ ಲಗೂ ಎದ್ದು ರೊಟ್ಟಿ ಬಡದ್ವಿರಿ. ನಿಮಗೂ ಕಟಗೊಂಡು ಬಂದೀನಿ.”

ವ್ಯಾನಿನ ಬಾಗಿಲು ತೆರೆದು, ಬಟ್ಟೆಯಲ್ಲಿ ಸುತ್ತಿದ ಬುತ್ತಿಯನ್ನು ನನ್ನ ಕೈಗಿಡುತ್ತ ಲಿಂಗರಾಜ ಹೇಳಿದ ಮೊದಲ ಮಾತು ಇದು. ಜೋಳದ ರೊಟ್ಟಿ ಇನ್ನೂ ಬೆಚ್ಚಗಿತ್ತು. ತಣ್ಣಗಾದದ್ದು ನಾನು.

ಅವರು ‘ನಾನು’ ಎನ್ನಲಿಲ್ಲ, ‘ನಾವು’ ಎಂದರು. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಇದರ ಅರ್ಥ ಗೊತ್ತಿಲ್ಲವೇ? ನಮ್ಮ ಕಡೆ ಗಂಡಸು ‘ನಮ್ಮನೇಲಿ ಹೇಳಿದ್ರು’ ಎಂದರೆ ಹೇಳಿದ್ದು ಹೆಂಡತಿ. ಆಗಸ್ಟ್ ತಿಂಗಳ ಚಳಿಯಲ್ಲಿ, ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನಲ್ಲಿ, ಬೆಳಿಗ್ಗೆ ಏಳು ಗಂಟೆಗೆ ಜೋಳದ ರೊಟ್ಟಿ ತಾನಾಗಿ ಬಡಿದುಕೊಳ್ಳುತ್ತದೆಯೇ? ಬಡಿಯುವ ಕೈ ಮನೆಯಲ್ಲಿದೆ ಎಂದಾಯಿತು.

ನಾನು ಅರುಂಧತಿ, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಎಲ್ಲರ ಮದುವೆಯಲ್ಲೂ ಆಕಾಶಕ್ಕೆ ಬೆರಳು ಮಾಡಿ ಅರುಂಧತಿಯನ್ನು ತೋರಿಸುತ್ತಾರೆ, ಮೂವತ್ತೈದಾದರೂ ಅರುಂಧತಿಗೇ ಇನ್ನೂ ಯಾರೂ ಕಾಣಿಸಿಲ್ಲ ಎಂದು ನಮ್ಮ ಚಿಕ್ಕಮ್ಮ ಪ್ರತಿ ಫೋನಿನಲ್ಲೂ ಹೇಳುತ್ತಾರೆ. ಮೇ ತಿಂಗಳಲ್ಲಿ ಒಬ್ಬರು ಕಾಣಿಸಿದ್ದರು, ಇದೇ ಲಿಂಗರಾಜ. ಹಾಲು ಕರೆಯುವ ಮಷೀನ್ ರಿಪೇರಿ ಮಾಡುವಾಗ ಅಂಗೈ ಕೊಯ್ದುಕೊಂಡು ಬಂದು, ನಾನು ಗಾಯ ತೊಳೆದ ತಕ್ಷಣ ಇಡೀ ವಾರ್ಡು ತಿರುಗಿ ನೋಡುವಂತೆ “ಯವ್ವಾ!” ಎಂದು ಕೂಗಿದ್ದರು.

“ಹುಬ್ಬಳ್ಳಿನಾ, ಬಾಗಲಕೋಟೆನಾ?” ಎಂದು ಕೇಳಿದ್ದೆ.

“ಜಮಖಂಡಿ ರೀ ಸಿಸ್ಟರ್,” ಎಂದು ಅಳುಮುಖದಲ್ಲೇ ನಕ್ಕಿದ್ದರು.

ಆರು ಡ್ರೆಸ್ಸಿಂಗ್ ಮುಗಿದು ಗಾಯ ಮಾಯಿತು. ಮಾಯ್ದ ಅಂಗೈಯ ಫೋಟೋ ಬಂತು, ಕೆಳಗೆ ‘ನಿಮ್ಮ ಕೈಗುಣ’ ಎಂಬ ಒಂದು ಸಾಲು. ಆಮೇಲೆ ಪ್ರತಿ ಭಾನುವಾರ ಒಂದಲ್ಲ ಒಂದು ಮೆಸೇಜು. ನಾನು ಭಾನುವಾರಕ್ಕೆ ಕಾಯತೊಡಗಿದೆ.

ಅಷ್ಟರಲ್ಲಿ ದಕ್ಷಿಣ ದ್ವೀಪದ ತುದಿಯ ಇನ್ವರ್‌ಕಾರ್ಗಿಲ್‌ನಿಂದ ಕೆಲಸದ ಪತ್ರ ಬಂತು. ಇಲ್ಲಿ ವರ್ಷ ವರ್ಷ ನವೀಕರಿಸುವ ಕಾಂಟ್ರ್ಯಾಕ್ಟು, ಅಲ್ಲಿ ಪರ್ಮನೆಂಟು. ಸೋಮವಾರದೊಳಗೆ ಉತ್ತರ ಹೇಳಬೇಕು. ಹ್ಯಾಮಿಲ್ಟನ್ನಿನಲ್ಲಿ ನನ್ನನ್ನು ಹಿಡಿದಿಡುವವರು ಯಾರಾದರೂ ಇದ್ದಾರೆಯೇ ಎಂದು ತಿಳಿಯಲೆಂದೇ ಲಿಂಗರಾಜ ಕರೆದ ಈ ಟೂರಿಗೆ ಬಂದಿದ್ದೆ. ಸುಳ್ಳೇಕೆ ಹೇಳಲಿ?

ಟೂರು ಯೊಲಾಂಡಾ ಎಂಬವರದು. ಪೆರುವಿನ ಕುಸ್ಕೊ ಪಟ್ಟಣದ ಮೇಲಿನ ಬೆಟ್ಟದ ಹಳ್ಳಿಯವರು, ‘ಕಿವಿ’ ಎಂದು ಕರೆಸಿಕೊಳ್ಳುವ ನ್ಯೂಜಿಲೆಂಡಿಗರ ಪೈಕಿ ರೈತನೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಪಿರೋಂಗಿಯಾ ಬೆಟ್ಟದ ಬುಡದಲ್ಲಿ ಉಣ್ಣೆಗಾಗಿ ಅಲ್ಪಾಕಾ ಎಂಬ ಒಂಟೆ ಜಾತಿಯ ಪ್ರಾಣಿಗಳನ್ನು ಸಾಕಿ, ಶನಿವಾರಗಳಲ್ಲಿ ಜನರಿಗೆ ಇಂಕಾ ಕಾಲದಿಂದ ಬಂದ ತಮ್ಮೂರಿನ ಪದ್ಧತಿಗಳನ್ನು ತೋರಿಸುತ್ತಾರೆ. ಯೊಲಾಂಡಾರ ಪಂಪನ್ನು ಲಿಂಗರಾಜ ರಿಪೇರಿ ಮಾಡಿಕೊಟ್ಟಿದ್ದರು, ಅವರು ಸ್ವೆಟರ್ ಹೆಣೆದುಕೊಟ್ಟರು, ಅದಕ್ಕೆ ಇವರು ವ್ಯಾನ್ ಓಡಿಸಿಕೊಡುತ್ತಾರೆ. ನಮ್ಮ ಹಳ್ಳಿಗಳ ಮುಯ್ಯಾಳಿನ ಲೆಕ್ಕವೇ.

ಹಿಂದಿನ ಸೀಟುಗಳಲ್ಲಿ ಎಂಟು ಜನ ಕಿವಿಗಳಿದ್ದರು. ನಾನು ಮುಂದೆ ಕೂತಿದ್ದೆ.

“ಮನೇಲೆಲ್ಲಾ ಚೆನ್ನಾಗಿದ್ದಾರಾ?” ಎಂದೆ. ಹೆಣ್ಣುಮಕ್ಕಳ ಸಿಐಡಿ ಕೆಲಸ ಶುರುವಾಗುವುದು ಈ ಪ್ರಶ್ನೆಯಿಂದಲೇ.

“ಆರಾಮ ಅದೀವ್ರಿ. ಈ ಥಂಡಿಗೆ ನಮಗ ಒಂದು ಹೀಟರ್ ಸಾಲಾಂಗಿಲ್ಲ, ಅಷ್ಟ.”

ಅದೀವಿ. ನಮಗ. ನಾನು ಕಿಟಕಿಯ ಕಡೆ ತಿರುಗಿ, ಮಂಜು ಬಿದ್ದು ಬೆಳ್ಳಗಾದ ಹುಲ್ಲುಗಾವಲನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

“ಯಾಕ್ರಿ ಸಿಸ್ಟರ್, ಮೌನವ್ರತ ಏನು?”

“ಡ್ಯೂಟಿ ಇಲ್ಲದ ದಿನ ಸಿಸ್ಟರ್ ಅನ್ನಬೇಡಿ. ನನಗೊಂದು ಹೆಸರಿದೆ.”

“ಹೆಸರು ಭಾಳ ದೊಡ್ಡದೈತ್ರಿ. ಬಾಯಾಗ ಹಿಡಿಸಾಂಗಿಲ್ಲ.”

ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಮೊದಲು ಮುಚ್ಚುತ್ತದೆ. ಬೇರೆಯವರ ಗಂಡನ ಕಣ್ಣನ್ನು ಇಷ್ಟು ಗಮನಿಸಬಾರದು ಎಂದು ನನಗೆ ನಾನೇ ಗದರಿಕೊಂಡೆ.

ಯೊಲಾಂಡಾ ಫೆಲ್ಟ್ ಟೋಪಿ, ಗಮ್‌ಬೂಟು, ಕೆಂಪು ಶಾಲಿನಲ್ಲಿ ಗೇಟಿನ ಬಳಿ ನಿಂತಿದ್ದರು. ಸುತ್ತ ಅಲ್ಪಾಕಾಗಳು ಕತ್ತು ಚಾಚಿ ಹ್ಮ್‌ಮ್ ಎನ್ನುತ್ತಿದ್ದವು. ಸ್ಪ್ಯಾನಿಷ್ ರಾಗದ ಇಂಗ್ಲಿಷಿನಲ್ಲಿ ಅವರು ಎಲ್ಲವನ್ನೂ ಹೇಳಿದರು. ಇಂಕಾ ಅರಸರಿಗೆ ಬಂಗಾರಕ್ಕಿಂತ ಬಟ್ಟೆಯೇ ಹೆಚ್ಚಂತೆ. ಅಕ್ಷರ ಬರೆಯುತ್ತಿರಲಿಲ್ಲವಂತೆ, ನೆನಪಿಡಬೇಕಾದದ್ದನ್ನೆಲ್ಲ ಹುರಿಯಲ್ಲಿ ಗಂಟು ಹಾಕಿಡುತ್ತಿದ್ದರಂತೆ.

“ನಮ್ಮ ಕಡೆ ಮೂರ ಗಂಟ್ರಿ,” ಲಿಂಗರಾಜ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು. “ಅದ್ರಾಗ ಇಡೀ ಪುರಾಣ ಇರತೈತಿ.”

“ನಿಮಗೆ ಅನುಭವ ಇದೆ, ಹೇಳ್ತೀರ,” ಎಂದೆ. ಮಾತು ಬೇಕಿದ್ದಕ್ಕಿಂತ ಚೂಪಾಯಿತು. ಅವರ ನಗು ಅರ್ಧಕ್ಕೆ ನಿಂತಿತು.

ಆಮೇಲೆ ನೂಲು ಸುತ್ತುವ ಕೆಲಸ. ಒಬ್ಬರು ಎರಡೂ ಕೈಗಳಲ್ಲಿ ಲಡಿ ಹಿಡಿದು ನಿಲ್ಲಬೇಕು, ಇನ್ನೊಬ್ಬರು ಉಂಡೆ ಸುತ್ತಬೇಕು. ಯೊಲಾಂಡಾ ನನ್ನನ್ನೂ ಲಿಂಗರಾಜರನ್ನೂ ಎದುರುಬದುರು ನಿಲ್ಲಿಸಿ, “ಎಳೆದರೆ ಹರಿಯುತ್ತೆ, ಬಿಟ್ಟರೆ ಸಿಕ್ಕಾಗುತ್ತೆ,” ಎಂದು ಹೇಳಿ ಹೋದರು. ಆ ಕಣ್ಣಿನಲ್ಲಿ ತುಂಟತನವಿತ್ತು.

ನಾನು ಸುತ್ತುತ್ತಿದ್ದೆ. ಅವರು ಲಡಿಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸುತ್ತಿದ್ದರು. ನನ್ನ ಕೈಯ ವೇಗ ಅವರಿಗೆ ಹೇಗೆ ಗೊತ್ತಾಗುತ್ತಿತ್ತೋ, ಎಳೆ ಒಮ್ಮೆಯೂ ಬಿಗಿಯಾಗಲಿಲ್ಲ. ತಲೆ ಎತ್ತಿದರೆ ಅವರ ಕಣ್ಣು, ತಗ್ಗಿಸಿದರೆ ನಾನೇ ಮದ್ದು ಹಚ್ಚಿದ ಅಂಗೈ. ಅಲ್ಲಿ ಗಾಯದ ಗೆರೆ ತೆಳ್ಳಗೆ, ನೇರವಾಗಿ ಉಳಿದಿತ್ತು. ಮುಟ್ಟಬೇಕೆನಿಸಿತು. ಉಂಡೆ ದೊಡ್ಡದಾಗುತ್ತ ಹೋದಂತೆ ನಮ್ಮ ನಡುವಿನ ಜಾಗ ಚಿಕ್ಕದಾಗುತ್ತ ಬಂತು. ಕೊನೆಯ ಸುತ್ತಿನಲ್ಲಿ ನನ್ನ ಬೆರಳು ಅವರ ಬೆರಳಿಗೆ ತಗುಲಿತು. ಇಬ್ಬರೂ ಕೈ ಹಿಂದೆಗೆಯಲಿಲ್ಲ. ಆ ಕ್ಷಣದಲ್ಲಿ ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮಧ್ಯಾಹ್ನದ ಊಟ ನೆಲದೊಳಗೆ ಬೇಯುತ್ತಿತ್ತು. ಗುಂಡಿ ತೋಡಿ, ಕಾದ ಕಲ್ಲಿನ ನಡುವೆ ಆಲೂಗಡ್ಡೆ, ಅವರೆ, ಮುಸುಕಿನ ಜೋಳದ ತೆನೆಗಳನ್ನಿಟ್ಟು ಮಣ್ಣು ಮುಚ್ಚಿದ್ದರು. “ನಮ್ಮ ಮಾವೊರಿಗಳ ಹಾಂಗಿ ಅಡುಗೆ ಥರಾನೇ!” ಎಂದು ಹಿಂದಿನ ಸೀಟಿನ ಅಜ್ಜಿ ಸಂತೋಷಪಟ್ಟರು. ಸುತ್ತ ಕೂತು ಕಾಯುವಾಗ ಯೊಲಾಂಡಾ ತಮ್ಮ ಕೆಚುವಾ ಭಾಷೆಯ ಪಾಠ ಶುರು ಮಾಡಿದರು.

“ನಮ್ಮಲ್ಲಿ ‘ನಾವು’ ಅನ್ನೋದಕ್ಕೆ ಎರಡು ಮಾತಿದೆ. ನೊಖಾಂಚಿಸ್ ಅಂದ್ರೆ ನಾನು, ನನ್ನವರು, ಎದುರಿಗಿರೋ ನೀವೂ ಸೇರಿ. ನೊಖಾಯ್ಕು ಅಂದ್ರೆ ನಾವು ಮಾತ್ರ, ನೀವು ಹೊರಗೆ. ಎದುರಿಗಿರೋರು ಒಳಗೋ ಹೊರಗೋ ಅಂತ ತೀರ್ಮಾನ ಮಾಡ್ದೆ ಬಾಯಿ ತೆಗೆಯೋ ಹಾಗೇ ಇಲ್ಲ.”

ಎಲ್ಲರೂ ನಕ್ಕರು. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಲಿಂಗರಾಜರಿಗೆ ಕನ್ನಡದಲ್ಲಿ ಕೇಳಿಯೇಬಿಟ್ಟೆ.

“ಹಾಗಾದ್ರೆ ಬೆಳಿಗ್ಗೆ ರೊಟ್ಟಿ ಬಡಿದಿದ್ದು ಯಾವ ನಾವು?”

ಅವರು ನನ್ನ ಮುಖ ನೋಡಿದರು. ಬೆಳಗಿನಿಂದ ನಾನು ಯಾಕೆ ಹೀಗಿದ್ದೆ ಎಂಬುದು ಅರ್ಥವಾದದ್ದು ಆ ಮುಖದಲ್ಲಿ ನಿಧಾನವಾಗಿ ಕಾಣಿಸಿತು.

“ಎರಡೂ ಅಲ್ರಿ,” ಎಂದರು. “ನಮ್ಮ ‘ನಾವು’ದಾಗ ಯಾರೂ ಇಲ್ಲ. ನಾ ಒಬ್ಬನ ಇರೂದು.”

ನಾನು ಅವರ ಕಡೆ ತಿರುಗಿ ಕೂತೆ.

“ಮದಿವಿ ಆಗಿತ್ರಿ. ಮೂರು ವರ್ಷದ ಹಿಂದ ಆಕಿ ಬೆಳಗಾವಿಗೆ ವಾಪಸ್ ಹೋದ್ಲು. ಆಕಿದೇನೂ ತಪ್ಪಿಲ್ಲ. ಈ ಮಳಿ, ಈ ಥಂಡಿ, ನಸುಕಿನ್ಯಾಗ ಎದ್ದು ಆಕಳ ಹಿಂದ ಓಡೋ ಗಂಡ, ಯಾವುದೂ ಒಗ್ಗಲಿಲ್ಲ. ಹೋದ ವರ್ಷ ಕೋರ್ಟಿನ ಕಾಗದಾನೂ ಮುಗದ್ವು. ಆದ್ರ ‘ನಾನು’ ಅಂತ ಅಂದ್ರ ಮನಿ ಖಾಲಿ ಅನಸ್ತೈತ್ರಿ. ಅದಕ್ಕ ಬಾಯಿಗೆ ಆ ರೂಢಿ ಹಂಗ ಉಳೀತು.”

ನನಗೆ ನಾಚಿಕೆಯಾಯಿತು. ಒಬ್ಬ ಮನುಷ್ಯ ತನ್ನ ಒಂಟಿತನಕ್ಕೆ ಹೊದಿಸಿದ್ದ ಹೊದಿಕೆಯನ್ನು ನಾನು ಬೆಳಗಿನಿಂದ ಗುಮಾನಿಯಿಂದ ಎಳೆದಾಡುತ್ತಿದ್ದೆ. ಅದರ ಜೊತೆಗೆ, ಮುಚ್ಚಿಡಲಾರೆ, ಎದೆಯೊಳಗೆ ಏನೋ ಹಗುರವೂ ಆಯಿತು.

“ಮತ್ತೆ ರೊಟ್ಟಿ?”

“ಯೂಟ್ಯೂಬ್ ನೋಡಿ ಕಲ್ತೇನ್ರಿ. ಮೊದ್ಲ ಆರು ತಿಂಗಳು ಬರೇ ನ್ಯೂಜಿಲೆಂಡ್ ಮ್ಯಾಪ್ ಬರ್ತಿತ್ತು. ಎರಡು ತುಂಡು.”

ಕಣ್ಣಲ್ಲಿ ನೀರಿದ್ದರೂ ನಾನು ಜೋರಾಗಿ ನಕ್ಕುಬಿಟ್ಟೆ.

ಮಣ್ಣು ಸರಿಸುವ ಮುಂಚೆ ಭೂಮಿತಾಯಿಗೆ ಕೊಡಬೇಕು ಎಂದರು ಯೊಲಾಂಡಾ. ಆಗಸ್ಟ್ ತಿಂಗಳಲ್ಲಿ ಅವರ ಬೆಟ್ಟಗಳಲ್ಲಿ ಭೂಮಿಗೆ ಬಾಯಿ ತೆರೆಯುವಷ್ಟು ಹಸಿವಂತೆ. ತಾವೇ ಮೊದಲು ಮುಸುಕಿನ ಜೋಳದ ಪಾನಕವನ್ನು ನೆಲಕ್ಕೆ ಸುರಿದು, “ನಿಮ್ಮ ನಿಮ್ಮ ಊರಿನ ರೀತಿಯಲ್ಲಿ ಕೊಡಿ,” ಎಂದರು.

ಲಿಂಗರಾಜ ಒಂದು ರೊಟ್ಟಿ ತೆಗೆದುಕೊಂಡು ಬೇಲಿಯ ಕಡೆ ನಡೆದರು. ಚೂರು ಮಾಡಿ ಹುಲ್ಲಿನ ಮೇಲೆ ಎರಚುತ್ತ, ಗಂಟಲು ಬಿಚ್ಚಿ ಕೂಗಿದರು. “ಹುಲ್ಲುಲ್ಲಿಗ್ಯೋ!”

ಅಲ್ಪಾಕಾಗಳೆಲ್ಲ ತಲೆ ಎತ್ತಿದವು. ಅವರು ಒಂದು ಕ್ಷಣ ನಿಂತು, ತಗ್ಗಿದ ದನಿಯಲ್ಲಿ ತಮಗೆ ತಾವೇ “ಸಲಾಂಬ್ರಿಗ್ಯೋ” ಎಂದುಕೊಂಡರು.

ನಾನು ಹತ್ತಿರ ಹೋದೆ. “ಇದೇನು?”

“ಚರಗ ಚೆಲ್ಲೂದ್ರಿ. ಎಳ್ಳಮಾಸಿಗೆ, ಅಂದ್ರ ಎಳ್ಳ ಅಮಾವಾಸ್ಯೆಗೆ, ನಮ್ಮ ಹೊಲದಾಗ ಮಾಡ್ತೀವಿ. ಮುಂದಿನವ್ರು ಚರಗ ಚೆಲ್ಲಿ ಕೂಗಬೇಕು, ಹಿಂದಿನವ್ರು ನೀರು ಚಿಮುಕಿಸ್ತ ಓಗೊಡಬೇಕು. ಇದು ಒಬ್ರ ಮಾಡೋ ಕೆಲಸ ಅಲ್ರಿ. ಇಲ್ಲಿ ಮಾತ್ರ ಎರಡೂ ನಾನ ಕೂಗ್ತೀನಿ.”

“ಹಾಗಂದ್ರೆ ಅರ್ಥ ಏನು?”

“ನಮ್ಮಜ್ಜಗೂ ಗೊತ್ತಿರ್ಲಿಲ್ಲ. ಭೂಮ್ತಾಯಿಗೆ ಗೊತ್ತೈತಂತ.”

ನಾನು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿದೆ. “ನಡೀರಿ ಮುಂದೆ,” ಎಂದೆ.

ಅವರು ಅನುಮಾನದಿಂದಲೇ ನಾಲ್ಕು ಹೆಜ್ಜೆ ನಡೆದು, ರೊಟ್ಟಿ ಎರಚಿ ಕೂಗಿದರು. “ಹುಲ್ಲುಲ್ಲಿಗ್ಯೋ!”

“ಸಲಾಂಬ್ರಿಗ್ಯೋ!”

ನನ್ನ ಮೈಸೂರು ನಾಲಿಗೆಯಲ್ಲಿ ಅದು ತರಕಾರಿ ಮಾರುವವರ ಕೂಗಿನಂತೆ ಬಂತು. ಹಿಂದಿನಿಂದ ಕಿವಿಗಳು ಚಪ್ಪಾಳೆ ತಟ್ಟಿದರು. ಲಿಂಗರಾಜ ತಿರುಗಿ ನೋಡಲಿಲ್ಲ. ಆದರೆ ಮುಂದಿನ ಸಲ ಕೂಗುವಾಗ ಅವರ ಗಂಟಲು ಒಡೆದಿತ್ತು. ಬೇಲಿಯ ತುದಿ ಮುಟ್ಟುವವರೆಗೂ ಅವರು ಕೂಗಿದರು, ನಾನು ಓಗೊಟ್ಟೆ. ಈ ಮನುಷ್ಯ ನನಗೆ ಬೇಕು ಎಂದು ಆ ಹುಲ್ಲಿನ ಮೇಲೆ ನೀರು ಚಿಮುಕಿಸುತ್ತ ಸ್ಪಷ್ಟವಾಗಿ ಅನ್ನಿಸಿತು. ಹಾಗೆ ಅನ್ನಿಸಿದ ಮರುಕ್ಷಣವೇ ಸೋಮವಾರದ ನೆನಪಾಯಿತು.

ನಾಲ್ಕೂವರೆಗೆ ಎಲ್ಲರೂ ಹ್ಯಾಮಿಲ್ಟನ್ನಿನಲ್ಲಿ ಇಳಿದುಹೋದರು. ನನ್ನ ಫ್ಲ್ಯಾಟಿನ ಮುಂದೆ ವ್ಯಾನ್ ನಿಂತಾಗ ಒಳಗೆ ನಾವಿಬ್ಬರೇ. ನಾನು ಇನ್ವರ್‌ಕಾರ್ಗಿಲ್ ವಿಷಯ ಹೇಳಿದೆ.

ಅವರು ಕೀಲಿ ತಿರುಗಿಸಿ ಇಂಜಿನ್ ಆರಿಸಿದರು.

“ಪರ್ಮನೆಂಟ್ ಏನ್ರಿ?”

“ಹೂಂ.”

“ಹಂಗಾದ್ರ ಬಿಡಬ್ಯಾಡ್ರಿ.”

ಅಷ್ಟೇ. ಎಲ್ಲ ಮುಗಿಯಿತು ಎಂದುಕೊಂಡೆ. ಹೋಗಬೇಡ ಎಂದು ಒಮ್ಮೆ ಅಂದಿದ್ದರೆ ಉಳಿಯುತ್ತಿದ್ದೆನೋ ಏನೋ. ಹಿಂದೆ ಒಬ್ಬಳಿಗೆ ಒಗ್ಗದ ಊರಿನಲ್ಲಿ ಇರು ಎಂದು ಹೇಳಿ ಕೈ ಸುಟ್ಟುಕೊಂಡವರು, ಇನ್ನೊಬ್ಬಳಿಗೆ ಹಾಗೆ ಹೇಳಲಾರರು. ಅದು ಅರ್ಥವಾದರೂ ನೋವಾಯಿತು. ಬಾಗಿಲಿಗೆ ಕೈ ಹಾಕಿದೆ.

“ಒಂದ್ ನಿಮಿಷ ತಡೀರಿ.” ಅವರು ಸೀಟ್‌ಬೆಲ್ಟ್ ಬಿಚ್ಚಿ ನನ್ನತ್ತ ಹೊರಳಿದರು. “ಅಲ್ಲಿ ಕಣ್ಣು ಹಾಯೋತನಕಾ ಆಕಳ ಅದಾವಂತ. ಹಾಲು ಕರಿಯೋ ಮಷೀನು ಅಲ್ಲೂ ಕೆಡತಾವು. ರಿಪೇರಿ ಮಾಡವ್ರು ಅಲ್ಲೂ ಬೇಕಾಗ್ತಾರ.”

ನನ್ನ ಕೈ ಬಾಗಿಲಿನ ಮೇಲೇ ಉಳಿಯಿತು.

“ಈ ಕರು ಹಾಕೋ ಸೀಸನ್ ಮುಗೀಲಿ, ನಾ ಬರ್ತೀನಿ. ನೋಡೂಣು, ನಿಮಗ ನನ್ನ ಸಹವಾಸ ಒಗ್ಗತೈತೇನು ಅಂತ. ಒಗ್ಗಿದ್ರ, ಈ ಸಲ ಎಳ್ಳಮಾಸಿಗೆ ನಾವು ಅಲ್ಲೇ ಚರಗ ಚೆಲ್ಲೂಣಲ್ಲ, ಅರುಂಧತಿ?”

ಹೆಸರು ಪೂರ್ತಿಯಾಗಿ ಬಾಯಲ್ಲಿ ಹಿಡಿಸಿತ್ತು. ನನಗೆ ಅಷ್ಟು ಸಾಕಿತ್ತು. ಆದರೂ ಬೆಳಗಿನಿಂದ ಪಟ್ಟ ಪಾಡಿಗೆ ಒಂದು ಮಾತು ಬಾಕಿ ಇತ್ತು.

“ಯಾವ ನಾವು?” ಎಂದೆ.

ಅವರು ಕೂತಲ್ಲೇ ನೆಟ್ಟಗಾಗಿ, ಪಾಠ ಒಪ್ಪಿಸುವ ಹುಡುಗನಂತೆ ಜೋಪಾನವಾಗಿ ಹೇಳಿದರು. “ನೊಖಾಂಚಿಸ್.”

ನಾನು ಆ ಅಂಗೈಯನ್ನು ತೆಗೆದುಕೊಂಡು, ಗಾಯದ ಗೆರೆಯ ಮೇಲೆ ಬೆರಳಿಟ್ಟೆ. ಈ ಸಲ “ಯವ್ವಾ” ಎನ್ನಲಿಲ್ಲ. ಎಡಗಣ್ಣು ಮೊದಲು ಮುಚ್ಚಿತು, ಆಮೇಲೆ ಬಲಗಣ್ಣು.

ಸೋಮವಾರ ಬೆಳಿಗ್ಗೆ ಇನ್ವರ್‌ಕಾರ್ಗಿಲ್‌ಗೆ ಎರಡು ಸಾಲಿನ ಇಂಗ್ಲಿಷ್ ಉತ್ತರ ಬರೆದು ಕಳಿಸಿದೆ. ಅರ್ಧ ಗಂಟೆಯಲ್ಲಿ ಅಲ್ಲಿನ ಆಫೀಸಿನಿಂದ ಅಭಿನಂದನೆಗಳು ಬಂದವು. ಕೊನೆಯಲ್ಲಿ ಒಂದು ಪ್ರಶ್ನೆಯೂ ಇತ್ತು. ‘ಸಂತೋಷದಿಂದ ಬರುತ್ತೇವೆ’ ಎಂದು ಬರೆದಿದ್ದೀರಿ, ‘ಬರುತ್ತೇನೆ’ ಎಂದು ತಿದ್ದಿಕೊಳ್ಳಬಹುದೇ?

ಬೇಡ, ಹಾಗೇ ಇರಲಿ ಎಂದು ಬರೆದೆ.